ಪಲ್ಯ ಮುಗಿದ ಮೇಲೆ ಊಟಕ್ಕೆ ಕೂತವಳು

ರಾತ್ರಿ ಒಂಬತ್ತೂವರೆ ಆಗಿತ್ತು. ಎಲ್ಲರ ಊಟ ಮುಗಿದಿತ್ತು. ನಾನು ತಾಟು ಹಿಡಿದು ಅಡುಗೆಮನೆಯಲ್ಲೇ ಕೂತೆ. ಬುಟ್ಟಿಯಲ್ಲಿ ಮೂರು ಜೋಳದ ರೊಟ್ಟಿ ಇದ್ದವು. ಕುಕ್ಕರಿನಲ್ಲಿ ಅನ್ನ ಇತ್ತು. ಬೇಳೆ ಇತ್ತು. ಬದನೆಕಾಯಿ ಎಣಗಾಯಿ ಮಾಡಿದ್ದ ಬಾಣಲೆಯ ತಳದಲ್ಲಿ ಬರೀ ಮಸಾಲೆ ಎಣ್ಣೆ, ಅದರಲ್ಲಿ ಮುರಿದುಹೋದ ಅರ್ಧ ಬದನೆಕಾಯಿ.

ಅದು ಸಕ್ಕರೆ ಕಾಯಿಲೆಗೆ ಅಂತ ರೊಟ್ಟಿ, ಅನ್ನ ಬಿಟ್ಟ ನನ್ನ ಪಥ್ಯದ ಒಂಬತ್ತನೇ ದಿನ. ಬೆಳಗಿನಿಂದ ಕಟ್ಟುನಿಟ್ಟಾಗಿ ಇದ್ದೆ. ಹೊಟ್ಟೆ ಹಸಿದು ಕೈ ನಡುಗುತ್ತಿತ್ತು. ಆ ಹೊತ್ತಿನಲ್ಲಿ ಇನ್ನೊಂದು ಸಲ ಒಲೆ ಹಚ್ಚುವ ತ್ರಾಣ ಇರಲಿಲ್ಲ. ಎರಡು ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ತಿಂದೆ. ಬೇಸಿಗೆ, ಅನ್ನ ಬೆಳಗಾಗುವಷ್ಟರಲ್ಲಿ ಹಳಸುತ್ತದೆ ಅಂತ ಅದಕ್ಕೂ ಮೊಸರು ಹಾಕಿಕೊಂಡು ಮುಗಿಸಿದೆ. ಆಮೇಲೆ ಪಾತ್ರೆ ತಿಕ್ಕುವಾಗ ಅಳು ಬಂತು. ಒಂದು ಸಣ್ಣ ಮಾತು ಪಾಲಿಸೋಕಾಗಲಿಲ್ಲವಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಅವತ್ತು ಎಡವಿದ್ದು ಎಲ್ಲಿ ಅಂತ ತಿಳಿಯೋಕೆ ನನಗೆ ಇನ್ನೂ ಆರು ತಿಂಗಳು ಬೇಕಾಯಿತು. ಅದನ್ನೇ ಬರೆಯಬೇಕು ಅನ್ನಿಸಿದೆ. ನನ್ನ ಹಾಗೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳು ನಮ್ಮ ಕಡೆ ಮನೆಮನೆಯಲ್ಲಿ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಈಗ ಶುಗರ್ ಇದೆ.

ನಾವಿರುವುದು ಕಲಬುರಗಿಯಲ್ಲಿ. ಮನೆಯಲ್ಲಿ ನಾನು, ನಮ್ಮ ಮನೆಯವರು, ಎಪ್ಪತ್ತೆಂಟು ವರ್ಷದ ಅತ್ತೆಯವರು, ಪಿಯುಸಿ ಓದುವ ಮಗ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾನು ಜೇವರ್ಗಿ ಕಡೆ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಯಸ್ಸು ನಲವತ್ತೇಳು. ಹೋದ ವರ್ಷ ಮಾರ್ಚ್‌ನಲ್ಲಿ, ಶರಣಬಸವೇಶ್ವರರ ಜಾತ್ರೆ ಮುಗಿದ ವಾರ, ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 7.4 ಬಂತು. ಹಿಂದಿನ ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಅದು. 5.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 6.4ರವರೆಗೆ ಅಂಚಿನಲ್ಲಿದ್ದೀರಿ ಅಂತ ಅರ್ಥ. 6.5 ಮತ್ತು ಅದಕ್ಕಿಂತ ಮೇಲೆ ಹೋದರೆ ಸಕ್ಕರೆ ಕಾಯಿಲೆ.

ಡಾಕ್ಟರು ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬರೆದುಕೊಟ್ಟರು. ಆಮೇಲೆ ಊಟದ ಮಾತು ತೆಗೆದರು. "ರೊಟ್ಟಿ, ಅನ್ನ ಕಡಿಮೆ ಮಾಡ್ರಿ ಮೇಡಂ. ಕಾರ್ಬ್ ಇಳಿಸ್ರಿ, ಅಂದ್ರ ಹೊಟ್ಟ್ಯಾಗ ಸಕ್ಕರೆ ಆಗೋ ಪಿಷ್ಟ, ಸಿಹಿ. ಪ್ರೋಟೀನ್ ಏರಿಸ್ರಿ. ತತ್ತಿ ತಿಂತೀರೇನು?"

"ಇಲ್ರಿ ಸರ್. ನಮ್ಮ ಮನ್ಯಾಗ ನಡೆಯಂಗಿಲ್ಲ."

ಅವರು ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಾದರು. ಆ ಸುಮ್ಮನಾದದ್ದು ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಆಮೇಲೆ ಓದುತ್ತಾ ಹೋದಂತೆ ತಿಳಿಯಿತು. ಕಾರ್ಬ್ ಕಡಿಮೆ ಮಾಡುವ ಊಟದ ಪದ್ಧತಿ ಹುಟ್ಟಿದ್ದೇ ಮಾಂಸ ತಿನ್ನುವವರ ಮನೆಗಳಲ್ಲಿ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅನ್ನುವವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಕಥೆ ಬರೆದರು. ಅವರ ತಾಟಿನಲ್ಲಿ ಮಾಂಸ, ಮೀನು ಇದ್ದವು. 1921ರಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮೊದಲು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಇದೇ ಥರದ ಪಥ್ಯ ಹೇಳುತ್ತಿದ್ದರು. ಮಾಂಸ, ಮೀನು, ತತ್ತಿ ಇವುಗಳಲ್ಲಿ ಪ್ರೋಟೀನ್ ಇರುತ್ತದೆ, ಕಾರ್ಬ್ ಇಲ್ಲ ಅನ್ನುವಷ್ಟು ಕಡಿಮೆ. ನಮಗೆ ಹಾಗಿಲ್ಲ. ನಮ್ಮ ಪ್ರೋಟೀನ್ ಬರುವುದೇ ಕಾರ್ಬಿನ ಕೈ ಹಿಡಿದುಕೊಂಡು.

ನಮ್ಮ ಜಿಲ್ಲೆ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನಮ್ಮ ಕಪ್ಪು ಮಣ್ಣಿನಲ್ಲಿ ಬೆಳೆದ ಬೇಳೆಯ ರುಚಿ ಬೇರೆ ಕಡೆ ನನಗೆ ಸಿಕ್ಕಿಲ್ಲ. ಆ ಬೇಳೆಯನ್ನೇ ನೋಡಿ. ನೂರು ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಅದರ ಜೊತೆಗೇ ಐವತ್ತೈದರಿಂದ ಅರವತ್ತು ಗ್ರಾಂ ಕಾರ್ಬ್. ಕಡಲೆಬೇಳೆ, ಹೆಸರುಕಾಳು, ಮಡಕಿ ಎಲ್ಲವೂ ಹೆಚ್ಚುಕಡಿಮೆ ಹೀಗೇ. ಟೊರಾಂಟೋದಲ್ಲಿ ಡೇವಿಡ್ ಜೆಂಕಿನ್ಸ್ ಅನ್ನುವ ತಜ್ಞರ ತಂಡ ಮಾಂಸವಿಲ್ಲದೆ ಕಾರ್ಬ್ ಕಡಿಮೆ ಮಾಡಿ ನೋಡಿ 2009ರಲ್ಲಿ ಅದರ ಫಲ ಪ್ರಕಟಿಸಿತ್ತು. ತೂಕವೂ ಇಳಿದಿತ್ತು, ಕೆಟ್ಟ ಕೊಲೆಸ್ಟ್ರಾಲೂ ಇಳಿದಿತ್ತು. ಓದಿ ಖುಷಿಯಾಯಿತು. ಆದರೆ ಅವರು ಕೊಟ್ಟಿದ್ದು ಸೋಯಾ, ಗೋಧಿಯ ಗ್ಲುಟೆನ್ ಅನ್ನುವ ಪ್ರೋಟೀನಿನಿಂದ ಮಾಡಿದ ತಿನಿಸು, ಬೀಜಗಳು. ನಮ್ಮ ಗಂಜ್ ಮಾರ್ಕೆಟ್ಟಿನಲ್ಲಿ, ನಮ್ಮ ಅಡುಗೆಮನೆಯಲ್ಲಿ ಆ ಊಟಕ್ಕೆ ಹೆಸರೇ ಇಲ್ಲ.

ಮೊದಲು ಲೆಕ್ಕ ಹಾಕಬೇಕು ಅಂತ ಒಂದು ಸಣ್ಣ ಅಡುಗೆ ತಕ್ಕಡಿ ತಂದೆ. ನಾನು ಗಣಿತದ ಟೀಚರು. ಅಂಕಿ ಕೈಗೆ ಸಿಕ್ಕರೆ ಧೈರ್ಯ ಬರುತ್ತದೆ. ಒಂದು ರೊಟ್ಟಿಗೆ ನಾನು ಹಿಡಿಯುವ ಹಿಟ್ಟು ತೂಗಿದರೆ 60 ಗ್ರಾಂ. ಅದರಲ್ಲಿ ಕಾರ್ಬ್ ಸುಮಾರು 40 ಗ್ರಾಂ. ಇಪ್ಪತ್ತೈದು ವರ್ಷದಿಂದ ದಿನಾ ಬಡಿಯುವ ರೊಟ್ಟಿ. ಅದರೊಳಗೆ ಎಷ್ಟಿದೆ ಅಂತ ಅವತ್ತೇ ಮೊದಲ ಸಲ ನೋಡಿದ್ದು. ಆಮೇಲೆ ಒಂದು ದಿನದ ಊಟ ಪೂರ್ತಿ ಬರೆದೆ. ಬೆಳಗ್ಗೆ ಉಪ್ಪಿಟ್ಟು. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಸ್ವಲ್ಪ ಅನ್ನ. ಮೂರು ಸಲ ಚಹಾ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಸಂಜೆ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ. ರಾತ್ರಿ ಎರಡು ರೊಟ್ಟಿ, ಅನ್ನ, ಬೇಳೆ. ಕೂಡಿಸಿದರೆ ಕಾರ್ಬ್ 350 ಗ್ರಾಂ ದಾಟಿತು. ದಿನಕ್ಕೆ 130 ಗ್ರಾಂಗಿಂತ ಕೆಳಗೆ ಇದ್ದರೆ ಅದನ್ನು ಕಡಿಮೆ ಕಾರ್ಬಿನ ಊಟ ಅನ್ನುತ್ತಾರೆ. ನಾನು ಅದರ ಮೂರು ಪಟ್ಟಿನ ಹತ್ತಿರ ಇದ್ದೆ.

ಇದರಲ್ಲಿ ನಾನೊಬ್ಬಳೇ ಇಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದೇಶದಲ್ಲೆಲ್ಲ ಮಾಡಿಸಿದ ಸಮೀಕ್ಷೆ 2023ರಲ್ಲಿ ಹೊರಬಂತು. ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಅಂತ ಅದು ಹೇಳಿತು. ನಮ್ಮ ಜನರಿಗೆ ದಿನದ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬ್‌ನಿಂದಲೇ ಬರುತ್ತದೆ ಅನ್ನುವುದನ್ನೂ ಅದೇ ಸಮೀಕ್ಷೆಯ ತಂಡ ಆಮೇಲೆ ತೋರಿಸಿತು.

ಅಂಕಿ ನೋಡಿ ಹೆದರಿದೆ. ಹೆದರಿಕೆಯಲ್ಲಿ ತಪ್ಪು ಮಾಡಿದೆ. ಫೋನಿನಲ್ಲಿ ನೋಡಿದ ವಿಡಿಯೋಗಳು ದಿನಕ್ಕೆ 20 ಗ್ರಾಂ ಸಾಕು ಅಂದವು. ಡಾಕ್ಟರು ಅಷ್ಟು ಹೇಳಿರಲೇ ಇಲ್ಲ. ಆದರೂ ಬೇಗ ಗುಣವಾಗಲಿ ಅಂತ ಹಾಗೇ ಶುರು ಮಾಡಿದೆ. ರೊಟ್ಟಿ ಪೂರ್ತಿ ಬಂದ್. ಅನ್ನ ಬಂದ್. ಬೇಳೆಯೂ ಬಂದ್. ಪನೀರು, ಮೊಸರು, ಹೂಕೋಸು, ಸೌತೆಕಾಯಿ ಅಷ್ಟೇ. ಬಾದಾಮಿ ಹಿಟ್ಟು ತರಿಸಿ ಅದರದೂ ರೊಟ್ಟಿ ಮಾಡಿ ನೋಡಿದೆ. ಒಂದು ಕಿಲೋಗೆ ಸಾವಿರ ರೂಪಾಯಿ ಮೇಲೆ. ಅಷ್ಟು ದುಡ್ಡಿಗೆ ನಮ್ಮ ಮನೆಗೆ ತಿಂಗಳ ಜೋಳ ಬರುತ್ತದೆ. ಹಂಚಿನ ಮೇಲೆ ಹಾಕಿದರೆ ಮುರಿದು ಪುಡಿಯಾಗುತ್ತಿತ್ತು.

ಏಪ್ರಿಲ್ ತಿಂಗಳು. ನಮ್ಮೂರಿನ ಬಿಸಿಲು ಗೊತ್ತಲ್ವಾ, ನಲವತ್ತೆರಡು ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮೂರನೇ ದಿನ ಬಸ್ಸಿನಲ್ಲಿ ತಲೆ ಸಿಡಿಯುವ ಹಾಗಾಯಿತು. ಕಾಲು ಹಿಡಿದುಕೊಂಡವು. ನಿಂತರೆ ಕಣ್ಣು ಕತ್ತಲೆ. ಆಮೇಲೆ ಡಾಕ್ಟರು ಕಾರಣ ಬಿಡಿಸಿ ಹೇಳಿದರು. ನಮ್ಮ ದೇಹ ಒಂದಿಷ್ಟು ಸಕ್ಕರೆಯನ್ನು ಗ್ಲೈಕೋಜನ್ ಅಂತ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಇರುತ್ತದೆ. ಕಾರ್ಬ್ ನಿಲ್ಲಿಸಿದ ಕೂಡಲೇ ಅದು ಖರ್ಚಾಗುತ್ತದೆ, ನೀರು ಹೋಗುತ್ತದೆ. ಇನ್ಸುಲಿನ್ ಇಳಿದದ್ದಕ್ಕೆ ಮೂತ್ರದಲ್ಲಿ ಉಪ್ಪೂ ಹೋಗುತ್ತದೆ. ಮೇಲೆ ನಮ್ಮೂರಿನ ಬೆವರು. ಮೊದಲ ವಾರ ನನ್ನ ತೂಕ ಎರಡು ಕಿಲೋ ಇಳಿದು ನಾನು ಹಿಗ್ಗಿದ್ದೆ. ಅದರಲ್ಲಿ ಜಾಸ್ತಿ ನೀರೇ ಇತ್ತು. ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ದಿನಕ್ಕೆ ಮೂರು ಗ್ಲಾಸು ಕುಡಿಯೋಕೆ ಹೇಳಿದರು. ಎರಡು ದಿನದಲ್ಲಿ ತಲೆನೋವು ಹೋಯಿತು. ಬಿಪಿ ಇರುವವರು ಮಾತ್ರ ಕೇಳದೆ ಉಪ್ಪು ಏರಿಸಬಾರದು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನನ್ನ ಜೊತೆ ಬಸ್ಸಿಗೆ ಬರುವ ಗೆಳತಿ ನನ್ನನ್ನು ನೋಡಿ ತಾನೂ ರೊಟ್ಟಿ ಬಿಟ್ಟಳು. ಅವಳು ತಗೊಳ್ಳುತ್ತಿದ್ದ ಮಾತ್ರೆ ಗ್ಲಿಮೆಪಿರೈಡ್. ಊಟ ಇರಲಿ ಬಿಡಲಿ ಅದು ಸಕ್ಕರೆ ಇಳಿಸುತ್ತದೆ. ನಾಲ್ಕನೇ ದಿನ ಅವಳು ಬಸ್ಸಿನ ಸೀಟಿನಲ್ಲೇ ಬೆವರಿ ಒರಗಿಬಿಟ್ಟಳು. ಯಾರೋ ಕೊಟ್ಟ ಬೆಲ್ಲ ಬಾಯಿಗೆ ಹಾಕಿದ ಮೇಲೆ ಎಚ್ಚರವಾದಳು. ಆ ದಿನ ನೆನೆಸಿದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅಂಥ ಮಾತ್ರೆ, ಇನ್ಸುಲಿನ್ ಇದ್ದವರು ಡಾಕ್ಟರಿಗೆ ಹೇಳಿ ಡೋಸು ಸರಿ ಮಾಡಿಸಿಕೊಳ್ಳದೆ ಊಟ ಕಡಿಮೆ ಮಾಡಬೇಡಿ. ದಯವಿಟ್ಟು.

20 ಗ್ರಾಂ ಬಿಟ್ಟೆ. ದಿನಕ್ಕೆ ನೂರು, ನೂರಿಪ್ಪತ್ತು ಗ್ರಾಂ ಅಂತ ಇಟ್ಟುಕೊಂಡೆ. ಅಂದರೆ ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಒಂದು ಬಟ್ಟಲು ಕಾಳು ಅಥವಾ ಬೇಳೆ, ಅನ್ನ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಕಾಗದದ ಮೇಲೆ ಇದು ಸುಲಭ ಕಾಣುತ್ತದೆ. ಆದರೆ ನಾನು ದಿನಾ ಬೆಳಗ್ಗೆ ಐದೂವರೆಗೆ ಎದ್ದು ಹನ್ನೆರಡು ರೊಟ್ಟಿ ಬಡಿಯುವವಳು. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಕೈಸುಡುವಾಗಲೇ ನಾದಬೇಕು. ಆರಿದರೆ ರೊಟ್ಟಿ ಸೀಳುತ್ತದೆ. ಪರಾತದಲ್ಲಿ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು, ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ಹೋಗಬೇಕು. ಹಂಚಿನ ಮೇಲೆ ಹಾಕಿ ಮೇಲೆ ನೀರು ಸವರಿದಾಗ ಬರುವ ವಾಸನೆ ನನಗೆ ನಮ್ಮವ್ವನ ಸೆರಗಿನ ವಾಸನೆ. ಉಬ್ಬಿದ ರೊಟ್ಟಿಯ ಮೇಲಿನ ಪದರು ತೆಗೆದು ಬೆಣ್ಣೆ ಸವರಿ ಬಾಯಿಗೆ ಹಾಕುತ್ತಿದ್ದಳು ಅವ್ವ, ನಾನು ಸಣ್ಣವಳಿದ್ದಾಗ. ಈಗ ಹನ್ನೆರಡು ರೊಟ್ಟಿಯನ್ನೂ ನಾನೇ ಬಡಿದು, ಹನ್ನೊಂದನ್ನು ಬೇರೆಯವರಿಗೆ ಎತ್ತಿಡಬೇಕು. ಪಥ್ಯದ ಬಗ್ಗೆ ಬರೆಯುವವರು ಮನೆಯಲ್ಲಿ ಆ ಪದಾರ್ಥ ತರಲೇಬೇಡಿ ಅನ್ನುತ್ತಾರೆ. ಜೋಳ ತರದಿದ್ದರೆ ನಮ್ಮ ಮನೆ ಏನು ಉಣ್ಣಬೇಕು?

ಅತ್ತೆಯವರಿಗೆ ಇದು ಅರ್ಥವಾಗಲಿಲ್ಲ. "ಎಪ್ಪತ್ತೆಂಟ್ ವರ್ಷ ಆತು, ಮೂರು ಹೊತ್ತೂ ರೊಟ್ಟಿ ತಿಂದೀನಿ. ನನಗ್ಯಾಕ ಬಂದಿಲ್ಲ ನಿನ್ನ ಶುಗರು? ರೊಟ್ಟಿ ಬಿಟ್ಟರ ಕೈಕಾಲಾಗ ಬಲ ಎಲ್ಲಿಂದ ಬರ್ತದವ್ವಾ?"

ಅವರ ಮಾತನ್ನು ನಾನು ಹಗುರ ಮಾಡಲಾರೆ. ಅವರು ಆಳಂದ ಕಡೆಯವರು. ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷ ಹೊಲದಲ್ಲಿ ಕಳೆ ತೆಗೆದವರು, ತೊಗರಿ ಬಡಿದವರು. ಆ ಮೈಗೆ ಆ ರೊಟ್ಟಿ ಬೇಕಿತ್ತು, ಸಂಜೆಯೊಳಗೆ ಕರಗುತ್ತಿತ್ತು. ನಾನು ಬಸ್ಸಿನಲ್ಲಿ ಕೂತು ಹೋಗಿ, ಸ್ಟಾಫ್ ರೂಮಿನಲ್ಲಿ ಕೂತು ಪೇಪರ್ ತಿದ್ದಿ, ಕೂತು ಬರುವವಳು. ಜೊತೆಗೆ ಅವರೇ ಒಂದು ದಿನ ಹೇಳಿದ ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. ಅವರ ಕಾಲದಲ್ಲಿ ಅನ್ನ ಅಂದರೆ ಹಬ್ಬದ ಊಟ. ನೆಂಟರು ಬಂದರೆ, ಜ್ವರ ಬಂದರೆ ಅನ್ನ. ದಿನಾ ರೊಟ್ಟಿಯ ಮೇಲೆ ಅನ್ನ ಉಣ್ಣುವುದು ಆಮೇಲೆ ಬಂದದ್ದು. ರೇಷನ್ನಿನಲ್ಲಿ ಅಕ್ಕಿ ಬಂತು, 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಇನ್ನೂ ಜಾಸ್ತಿಯಾಯಿತು. ಹಸಿದವರ ಮನೆಗೆ ಅಕ್ಕಿ ಕೊಟ್ಟದ್ದು ತಪ್ಪು ಅಂತ ನಾನು ಎಂದೂ ಅನ್ನುವುದಿಲ್ಲ. ಅದು ಎಷ್ಟೋ ಒಲೆ ಹೊತ್ತಿಸಿದೆ, ನನ್ನ ಶಾಲೆಯ ಮಕ್ಕಳ ಮನೆಗಳಲ್ಲೇ ನೋಡಿದ್ದೇನೆ. ಆದರೆ ನಮ್ಮಂಥ ಮನೆಗಳಲ್ಲಿ ರೊಟ್ಟಿ ಕಡಿಮೆಯಾಗದೆ ಅನ್ನ ಅದರ ಮೇಲೆ ಬಂದು ಕೂತಿತು. ಹಾಗಾಗಿ ನಾನು ಬಿಡಬೇಕಾದ್ದು ಮೊದಲು ಅನ್ನ ಅಂತ ತೀರ್ಮಾನ ಮಾಡಿದೆ. ಬಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ರೊಟ್ಟಿ ಬಿಡು ಅಂದರೆ ನನ್ನೊಳಗೆ ಏನೋ ಮುರಿದ ಹಾಗಾಗುತ್ತಿತ್ತು. ಅನ್ನಕ್ಕೆ ಹಾಗಾಗಲಿಲ್ಲ.

ಇಷ್ಟಾದರೂ ವಾರದಲ್ಲಿ ಮೂರು ರಾತ್ರಿ ಪಥ್ಯ ಮುರಿಯುತ್ತಿತ್ತು. ಹಗಲಲ್ಲಿ ಎಲ್ಲಾ ಸರಿ. ಸ್ಟಾಫ್ ರೂಮಿನಲ್ಲಿ ಡಬ್ಬಿ ಹಂಚಿಕೊಳ್ಳುವಾಗ ಯಾರದಾದರೂ ಶೇಂಗಾ ಹೋಳಿಗೆ ಬಂದರೂ ಕೈಮುಗಿದು ಬೇಡ ಅನ್ನುವಷ್ಟು ಗಟ್ಟಿಯಾಗಿದ್ದೆ. ಸಂಜೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ದಾಟಿ ಬರುತ್ತಿದ್ದೆ. ಬೀಳುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ, ನನ್ನದೇ ಅಡುಗೆಮನೆಯಲ್ಲಿ. ದಿನದ ದಣಿವು ಅಂದುಕೊಂಡೆ. ಮನಸ್ಸು ಸಡಿಲ ಅಂದುಕೊಂಡೆ. ಜುಲೈಯಲ್ಲಿ ಪರೀಕ್ಷೆ ಮಾಡಿಸಿದರೆ 6.9. ಇಳಿದಿತ್ತು, ಆದರೆ ಇನ್ನೂ ಇಳಿಯಬೇಕಿತ್ತು.

ದಸರೆ ರಜೆಗೆ ಮಗಳು ಬಂದಳು. ಎರಡು ದಿನ ಸುಮ್ನೆ ನೋಡಿದಳು. ಮೂರನೇ ರಾತ್ರಿ ನಾನು ತಾಟು ಹಾಕಿಕೊಂಡಾಗ ಪಕ್ಕದಲ್ಲಿ ಬಂದು ಕೂತಳು.

"ಅಮ್ಮ, ನಿನ್ನ ತಾಟಿನ್ಯಾಗ ಪಲ್ಯ ಎಲ್ಲದ?"

"ಮುಗೀತವ್ವಾ. ತಮ್ಮಗ ಹೀರೇಕಾಯಿ ಸೇರ್ತದ, ಎರಡು ಸಲ ಹಾಕಿಸ್ಕೊಂಡ."

"ನಿನ್ನೇನೂ ಮುಗಿದಿತ್ತು. ಮೊನ್ನೇನೂ. ಡಾಕ್ಟರು ಪಲ್ಯ ಜಾಸ್ತಿ ತಿನ್ನು ಅಂದಾರ, ಮನ್ಯಾಗ ಎಲ್ಲಾರೂ ತಿಂತಾರ, ನೀ ಒಬ್ಬಾಕಿ ತಿನ್ನಂಗಿಲ್ಲ."

ನಾನು ಏನೂ ಹೇಳಲಿಲ್ಲ. ಹೇಳೋಕೆ ಏನೂ ಇರಲಿಲ್ಲ. ಅವಳು ನೋಡಿದ್ದು ನಿಜ. ನಮ್ಮ ಮನೆಗೆ ನಾನು ಒಂದು ಹೊತ್ತಿಗೆ ಅರ್ಧ ಕಿಲೋ ಕಾಯಿಪಲ್ಯ ಮಾಡುತ್ತಿದ್ದೆ. ಸಿಪ್ಪೆ, ತೊಟ್ಟು ಹೋಗಿ ನಾನೂರು ಗ್ರಾಂ. ನಾಲ್ಕು ಜನರಿಗೆ ಹಂಚಿದರೆ ತಲಾ ನೂರು ಗ್ರಾಂ. ಆದರೆ ಅದನ್ನು ಯಾರೂ ತೂಗಿ ಹಂಚುವುದಿಲ್ಲ. ಮನೆಯವರಿಗೆ, ಮಗನಿಗೆ, ಅತ್ತೆಯವರಿಗೆ ಬಡಿಸಿದ ಮೇಲೆ ಉಳಿದದ್ದು ನನ್ನದು. ಉಳಿಯುವುದು ಯಾವಾಗಲೂ ರೊಟ್ಟಿ, ಅನ್ನ, ತಿಳಿ ಬೇಳೆ. ಪಲ್ಯ ಉಳಿಯುವುದಿಲ್ಲ. ಮೇಲೆ ಉಳಿದದ್ದನ್ನು ಚೆಲ್ಲಬಾರದು ಅಂತ ನಮ್ಮವ್ವ ಕಲಿಸಿದ ಮಾತು. ಚೆಲ್ಲದೆ ನಾನೇ ತಿನ್ನುತ್ತಾ ಬಂದೆ. ಇಪ್ಪತ್ತೈದು ವರ್ಷ ಮನೆಯಲ್ಲಿ ಮಿಕ್ಕಿದ ಕಾರ್ಬ್ ಎಲ್ಲಾ ನನ್ನ ಹೊಟ್ಟೆಗೆ ಹೋಗಿದೆ.

ನಮ್ಮ ಮಾತಿನಲ್ಲೇ ಇದು ಇದೆ ನೋಡಿ. "ರೊಟ್ಟಿಗಿ ಹಚ್ಕೊಳ್ಳಾಕ ಏನದ?" ಅಂತ ಕೇಳುತ್ತೇವೆ. ಪಲ್ಯ, ಹಿಂಡಿ (ಚಟ್ನಿಪುಡಿ), ಮೊಸರು ಎಲ್ಲಾ ರೊಟ್ಟಿಗೆ ಹಚ್ಚಿಕೊಳ್ಳುವಂಥವು. ಸ್ವಲ್ಪ ಇದ್ದರೆ ಸಾಕು, ಅದರಲ್ಲೇ ನಾಲ್ಕು ರೊಟ್ಟಿ ಇಳಿಯುತ್ತವೆ. ಖಾರ, ಉಪ್ಪು, ಎಣ್ಣೆ ಮುಂದಾಗಿ ಹಾಕುವುದೂ ಅದಕ್ಕೇ. ಅಂಥ ಪಲ್ಯವನ್ನು ಬಟ್ಟಲು ತುಂಬಾ ಹಾಕಿಕೊಂಡು ಬರೀ ತಿನ್ನೋಕೆ ಹೋದರೆ ಬಾಯಿ ಉರಿಯುತ್ತದೆ. ಅಂದರೆ ನಾನು ರೊಟ್ಟಿ ಕಡಿಮೆ ಮಾಡಿದರೆ ಸಾಲದು. ಪಲ್ಯ ಮಾಡುವ ರೀತಿ, ಮಾಡುವ ಅಳತೆ, ಬಡಿಸುವ ಸರದಿ ಮೂರೂ ಬದಲಾಗಬೇಕು. ಇದನ್ನು ಯಾವ ವಿಡಿಯೋದಲ್ಲೂ ನಾನು ಕೇಳಿರಲಿಲ್ಲ.

ಅಳತೆ ಬದಲಾಯಿಸುವುದು ಸುಲಭವಾಯಿತು. ದುಡ್ಡು ಜಾಸ್ತಿ ಬೇಕು, ಅಷ್ಟೇ. ಖಾರ ಅರ್ಧ ಮಾಡಿದೆ, ಬೇಕಾದವರು ಮೇಲೆ ಹಿಂಡಿ ಉದುರಿಸಿಕೊಳ್ಳುತ್ತಾರೆ. ಪುಂಡಿ ಪಲ್ಯಕ್ಕೆ ಹಾಕುವ ನುಚ್ಚು ಬಿಟ್ಟು ಬೇಳೆ ಮಾತ್ರ ಒಂದು ಹಿಡಿ ಹಾಕುತ್ತೇನೆ. ಕಷ್ಟವಾದದ್ದು ಸರದಿ. ಮೊದಲ ದಿನ ಎಲ್ಲರ ಜೊತೆ ತಾಟು ಹಾಕಿಕೊಂಡು ಕೂತಾಗ ನನ್ನ ಕೈ ಭಾರವಾಗಿತ್ತು. ಅತ್ತೆಯವರ ಎದುರಿಗೆ, ಮನೆಯವರಿಗಿಂತ ಮೊದಲು ಪಲ್ಯದ ಬಟ್ಟಲಿಗೆ ಸೌಟು ಹಾಕಬೇಕು. ಯಾರೂ ಏನೂ ಅನ್ನಲಿಲ್ಲ. ಆದರೂ ಬಿಸಿ ರೊಟ್ಟಿ ಯಾರು ತರುತ್ತಾರೆ ಅಂತ ಮಗ ಒಂದು ಸಲ ಅಡುಗೆಮನೆ ಕಡೆ ನೋಡಿದ. ಮಗಳು "ನೀ ತಗೊಂಬಾರೋ" ಅಂದಳು. ಅವನು ಎದ್ದು ತಂದ. ಮನೆಯವರು ತಲೆ ಬಗ್ಗಿಸಿ ಉಂಡರು. ಆಮೇಲೆ ಕೈತೊಳೆಯುವಾಗ "ಇಷ್ಟು ದಿನ ನಂಗ ತಿಳೀಲೇ ಇಲ್ಲ ನೋಡು" ಅಂದರು. ಅಷ್ಟೇ ಅಂದದ್ದು. ಈಗ ರಾತ್ರಿ ಅವರೇ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ಹೆಚ್ಚಿಡುತ್ತಾರೆ.

ಮಗಳು ವಾಪಸ್ ಹೋದ ವಾರ ನಾನು ಮತ್ತೆ ಹಳೆಯ ದಾರಿಗೆ ಬಿದ್ದೆ. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಟ್ಯೂಷನ್ನು, ಬಡಿಸುತ್ತಾ ಬಡಿಸುತ್ತಾ ಒಂಬತ್ತೂವರೆ. ಅದಕ್ಕೆ ಈಗ ಪಲ್ಯ ಇಳಿಸಿದ ತಕ್ಷಣ ನನ್ನ ಬಟ್ಟಲು ಮೊದಲು ತುಂಬಿ ಮುಚ್ಚಿಡುತ್ತೇನೆ. ದೇವರಿಗೆ ಎಡೆ ತೆಗೆದಿಟ್ಟ ಹಾಗೆ. ಮೊದಮೊದಲು ಕದ್ದಿಟ್ಟ ಹಾಗೆ ಅನ್ನಿಸುತ್ತಿತ್ತು.

ಏನು ತಿನ್ನುತ್ತೀ ಅಂತ ಬಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ. ವಿಶೇಷ ಏನಿಲ್ಲ. ಬೆಳಗ್ಗೆ ಹಿಡಿ ಶೇಂಗಾ ನೆನೆಸಿ ಕುದಿಸಿದ್ದು, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು. ಶೇಂಗಾದಲ್ಲಿ ನೂರು ಗ್ರಾಂಗೆ ಇಪ್ಪತ್ತೈದರಷ್ಟು ಪ್ರೋಟೀನ್, ಕಾರ್ಬ್ ಹದಿನಾರೇ. ಬೇಳೆಗಿಂತ ಎಷ್ಟೋ ವಾಸಿ. ಎಣ್ಣೆ ಅಂಶ ಜಾಸ್ತಿ, ಅದಕ್ಕೇ ಹಿಡಿ ಅಂದರೆ ಹಿಡಿ ಮಾತ್ರ. ಮಧ್ಯಾಹ್ನ ಒಂದು ರೊಟ್ಟಿ, ಎರಡು ಥರದ ಪಲ್ಯ, ಅಗಸಿ ಹಿಂಡಿ. ಅಗಸಿಯ ಕಾರ್ಬ್ ಬಹುಪಾಲು ನಾರು, ಸಕ್ಕರೆ ಏರಿಸುವುದಿಲ್ಲ. ರಾತ್ರಿ ಮನೆಯಲ್ಲೇ ಹಾಲು ಒಡೆದು ಮಾಡಿದ ಪನೀರು ಅಥವಾ ಮೊಳಕೆ ಹೆಸರುಕಾಳು, ಮೆಂತ್ಯ ಇಲ್ಲವೇ ರಾಜಗಿರಿ ಪಲ್ಯ. ಚಳಿಗಾಲದಲ್ಲಿ ಹಕ್ಕರಕಿ ಸೊಪ್ಪು ಸಿಕ್ಕರೆ ಹಸಿಯಾಗೇ ತಿನ್ನುತ್ತೇನೆ. ರೊಟ್ಟಿ ಈಗ ತೆಳ್ಳಗೆ ಬಡಿಯುತ್ತೇನೆ, 45 ಗ್ರಾಂ ಹಿಟ್ಟು ಸಾಕು. ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ ಬಂದಿತ್ತು. ಮೆಟ್‌ಫಾರ್ಮಿನ್ ತಗೊಳ್ಳುವ ನಮ್ಮಂಥ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಾಗುವುದುಂಟು. ಅದಕ್ಕೆ ಮಾತ್ರೆ ನಡೆದಿದೆ.

ಎಳ್ಳಮಾಸಿಗೆ ಎಲ್ಲರೂ ಆಳಂದದ ಹೊಲಕ್ಕೆ ಹೋದೆವು. ತೊಗರಿ ಕಟಾವಿಗೆ ಬಂದಿತ್ತು, ಬಿಳಿಜೋಳ ಸೊಂಟದ ಮಟ್ಟ ನಿಂತಿತ್ತು. ಐದು ಕಲ್ಲನ್ನು ಪಾಂಡವರು ಅಂತ ಇಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಬಂದು, ಬನ್ನಿ ಮರದ ಕೆಳಗೆ ಕಂಬಳಿ ಹಾಸಿ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಶೇಂಗಾ ಹೋಳಿಗೆ. ಜೊತೆಗೆ ಭಜ್ಜಿ. ಹತ್ತಾರು ಥರದ ಸೊಪ್ಪು, ಹಸಿ ಕಾಳು, ಬದನೆಕಾಯಿ ಎಲ್ಲಾ ಒಂದೇ ಗಡಿಗೆಯಲ್ಲಿ ಬೆಂದ ಭಜ್ಜಿ. ವರ್ಷಕ್ಕೊಮ್ಮೆ ಮಾಡುವ ಈ ಅಡುಗೆಯಲ್ಲಿ ಪಲ್ಯ ಹಚ್ಚಿಕೊಳ್ಳುವಷ್ಟು ಇರುವುದಿಲ್ಲ, ಗಡಿಗೆ ತುಂಬಾ ಇರುತ್ತದೆ. ನಾನು ಎರಡು ಸಲ ಭಜ್ಜಿ ಹಾಕಿಸಿಕೊಂಡೆ. ಆಮೇಲೆ ಕಡುಬು ತಿಂದೆ, ಹೋಳಿಗೆಯನ್ನೂ ತಿಂದೆ. ಅವತ್ತು ಲೆಕ್ಕ ಬರೆಯಲಿಲ್ಲ. ಭೂಮಿತಾಯಿಗೆ ಉಣಿಸಿದ ಊಟವನ್ನು ಗ್ರಾಂನಲ್ಲಿ ತೂಗುವ ಮನಸ್ಸು ನನಗಿಲ್ಲ. ಮುಂದೆಯೂ ಆ ಒಂದು ದಿನ ಬರೆಯುವುದಿಲ್ಲ.

ಆದರೆ ಅದರ ಹಿಂದೆಯೇ ಮದುವೆಗಳು ಬಂದವು. ಒಂದು ದಿನದ ಸಡಿಲು ಮೂರು ವಾರವಾಯಿತು. ಜನವರಿ ಕೊನೆಗೆ 7.1. ಹೆದರಿ ಮತ್ತೆ 20 ಗ್ರಾಂ ಕಡೆ ಓಡಲಿಲ್ಲ. ಮತ್ತೆ ಬಟ್ಟಲು ಮುಚ್ಚಿಡುವುದರಿಂದಲೇ ಶುರು ಮಾಡಿದೆ. ಈ ಜೂನ್‌ನಲ್ಲಿ 6.6 ಬಂತು. ತೂಕ 71 ಇದ್ದದ್ದು 66 ಆಗಿದೆ. ವಾರದಲ್ಲಿ ಒಂದು ರಾತ್ರಿ ಈಗಲೂ ತಪ್ಪುತ್ತದೆ.

ಮೊನ್ನೆ ಭಾನುವಾರ ಕಣ್ಣಿ ಮಾರ್ಕೆಟ್ಟಿಗೆ ಹೋಗಿದ್ದೆ. ಚವಳಿಕಾಯಿ ಒಂದೂವರೆ ಕಿಲೋ, ಬೆಂಡೆಕಾಯಿ ಒಂದು ಕಿಲೋ, ಮೆಂತ್ಯ ಆರು ಕಟ್ಟು, ಪುಂಡಿ ನಾಲ್ಕು ಕಟ್ಟು. ಸೊಪ್ಪು ಮಾರುವ ಅಜ್ಜಿ ನನ್ನ ಎರಡೂ ಚೀಲ ನೋಡಿದಳು.

"ಇಷ್ಟ್ಯಾಕ ಒಯ್ಯಾಕತ್ತೀ ಬಾಯಿ? ಮನ್ಯಾಗ ಕಾರ್ಯ ಅದ ಏನು?"

"ಕಾರ್ಯ ಇಲ್ಲ ಆಯಿ."

"ಮತ್ತ ಯಾರಿಗಿ?"

"ನನಗ," ಅಂದೆ.

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿಯಿಂದ ಇನ್ನೊಂದು ಕಟ್ಟು ಮೆಂತ್ಯ ತೆಗೆದು ಚೀಲದ ಮೇಲಿಟ್ಟಳು.